ಮೊದಲ ಭೇಟಿಯಲ್ಲಿ ಸೋತ ಮುಸುಕುಧಾರಿ



ಜನಪ್ರಿಯ ಸಾಹಿತ್ಯವನ್ನು ಕುರಿತು ಮಾತಾಡಬೇಕೆಂದು ನೀವು ಕೇಳಿದಿರಿ. ಪತ್ತೇದಾರಿ ಕಾದಂಬರಿಯನ್ನು ಎತ್ತಿಕೊಳ್ಳಬಹುದಿತ್ತು, ಧಾರಾವಾಹಿ ಕಥೆಗಳನ್ನು ಎತ್ತಿಕೊಳ್ಳಬಹುದಿತ್ತು. ನಾನು ಎತ್ತಿಕೊಂಡಿರುವುದು ಹತ್ತು ಸೆಂಟಿಗೆ ಮಾರಾಟವಾದ ಒಂದು ಅಮೆರಿಕನ್ ಕಾಮಿಕ್ಸ್ ಪುಸ್ತಕ. 1940ರ ವಸಂತದಲ್ಲಿ ಬಂದ ‘ಬ್ಯಾಟ್‌ಮನ್’ ಪತ್ರಿಕೆಯ ಮೊದಲ ಸಂಚಿಕೆ. ಅದರಲ್ಲಿ ಒಬ್ಬ ಮುಸುಕುಧಾರಿ ಒಬ್ಬ ಹೊಸ ಖಳನನ್ನು ಮೊದಲ ಸಲ ಎದುರಿಸುತ್ತಾನೆ. ಖಳನ ಹೆಸರು ಜೋಕರ್. ಇವರಿಬ್ಬರ ಬಗ್ಗೆ ಗೊತ್ತಿಲ್ಲದ ವಿದ್ಯಾರ್ಥಿಗಳು ಈ ಸಭೆಯಲ್ಲಿ ಇರಲಾರರು. ಆದರೆ ನಿಮಗೆ ಗೊತ್ತಿರುವ ಜೋಕರ್ ಬೇರೆ, ಆ ಸಂಚಿಕೆಯಲ್ಲಿ ಕಾಲಿಟ್ಟವನು ಬೇರೆ. ಆ ವ್ಯತ್ಯಾಸವೇ ಇವತ್ತಿನ ಮಾತು.

ಬ್ಯಾಟ್‌ಮನ್‌ಗೆ ಆಗಷ್ಟೇ ವರ್ಷ ತುಂಬುತ್ತಿತ್ತು. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ ಅವನು ಹುಟ್ಟಿದ್ದ. ಬಾಬ್ ಕೇನ್ ಚಿತ್ರ ಬರೆದರು, ಬಿಲ್ ಫಿಂಗರ್ ಕಥೆ ಬರೆದರು. ಅವನ ಊರಿಗೆ ಗಾಥಮ್ ಎಂಬ ಹೆಸರೂ ಆಗ ಬಂದಿರಲಿಲ್ಲ. ಜೊತೆಗಾರ ರಾಬಿನ್ ಬಂದದ್ದೂ ಅದೇ 1940ರಲ್ಲಿ. ನಾಯಕನ ಮಾತು ಕೇಳಿಸಿಕೊಳ್ಳಲು ಒಬ್ಬ ಬೇಕೆಂದು ಫಿಂಗರ್‌ಗೆ ಅನ್ನಿಸಿತ್ತು. ಉಳಿದದ್ದು ನಿಮಗೆ ಗೊತ್ತು. ಕಣ್ಣೆದುರೇ ತಂದೆತಾಯಿಯನ್ನು ಗುಂಡಿಗೆ ಕಳೆದುಕೊಂಡ ಶ್ರೀಮಂತ ಹುಡುಗ ದೊಡ್ಡವನಾಗಿ, ಹಗಲು ಸೋಮಾರಿ ಸಾಹುಕಾರನಂತೆ ನಟಿಸಿ, ರಾತ್ರಿ ಮುಸುಕು ತೊಟ್ಟು ಪಾತಕಿಗಳ ಬೆನ್ನು ಹತ್ತುತ್ತಾನೆ.

ಕಾನೂನನ್ನು ಕೈಗೆತ್ತಿಕೊಳ್ಳುವ ಮರೆವೇಷದ ವೀರ ನಮಗೆ ಹೊಸಬನಲ್ಲ. ವಿರಾಟನ ಅರಮನೆಯ ಅಡುಗೆಯವನಾಗಿದ್ದ ವಲಲ ರಾತ್ರಿ ನಾಟ್ಯಶಾಲೆಯಲ್ಲಿ ಕೀಚಕನನ್ನು ಮುಗಿಸಿದ. ಮುಗಿಸಿದವರು ಗಂಧರ್ವರೆಂದು ಊರು ನಂಬಿತು. ದ್ರೌಪದಿ ಸಭೆಯಲ್ಲಿ ಮೊರೆಯಿಟ್ಟಾಗ ದೊರೆ ಬಾಯಿ ಬಿಡಲಿಲ್ಲ, ಆದ್ದರಿಂದ ಭೀಮನ ಆ ರಾತ್ರಿಯ ಕೆಲಸ ನಮಗೆ ತಪ್ಪೆನಿಸುವುದಿಲ್ಲ. ಅಲ್ಲಿ ಇನ್ನೊಂದನ್ನೂ ಗಮನಿಸಿ. ಕೀಚಕನಿಗೆ ಏನು ಬೇಕಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಸಿನಿಮಾದಲ್ಲಿ ವಜ್ರಮುನಿಯವರು ತೆರೆಗೆ ಬಂದರೆ ಸಾಕು, ಆಸ್ತಿಯೋ ಹೆಣ್ಣೋ ಹಳೆಯ ಸೇಡೋ ಎಂದು ಪ್ರೇಕ್ಷಕರು ಲೆಕ್ಕ ಹಾಕಿಬಿಡುತ್ತಿದ್ದರು. ಏನು ಬೇಕೆಂದು ಗೊತ್ತಿರುವ ಖಳನನ್ನು ಎಲ್ಲಿ ಕಾಯಬೇಕೆಂಬುದೂ ಗೊತ್ತಿರುತ್ತದೆ.

ಜೋಕರನ ಕಥೆ ಇಲ್ಲಿಂದಲೇ ಬೇರೆ ದಾರಿ ಹಿಡಿಯುತ್ತದೆ.

ಮನೆಮಂದಿ ಕೂತು ರೇಡಿಯೋದಲ್ಲಿ ಸಂಗೀತ ಕೇಳುತ್ತಿದ್ದಾರೆ. ನಡುವೆ ಒಂದು ಒಣ ದನಿ ನುಗ್ಗುತ್ತದೆ. ಇವತ್ತು ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಹೆನ್ರಿ ಕ್ಲಾರಿಜ್ ಎಂಬ ಸಾಹುಕಾರನನ್ನು ಕೊಲ್ಲುತ್ತೇನೆ, ಅವನ ವಜ್ರವನ್ನು ಕದಿಯುತ್ತೇನೆ ಎನ್ನುತ್ತದೆ. ಕೇಳುಗರು ನಕ್ಕುಬಿಡುತ್ತಾರೆ: ಹಿಂದೊಬ್ಬ ಮಂಗಳ ಗ್ರಹದವರ ಕಥೆ ಹೇಳಿ ಹೆದರಿಸಿದ್ದನಲ್ಲ, ಇದೂ ಅಂಥದ್ದೇ ತಮಾಷೆ ಇರಬೇಕು. 1938ರ ಅಕ್ಟೋಬರ್‌ನಲ್ಲಿ ಆರ್ಸನ್ ವೆಲ್ಸ್ ಮಾಡಿದ ರೇಡಿಯೋ ನಾಟಕದ ನೆನಪು ಇದು. ಆ ನಾಟಕ ಬಿತ್ತರವಾಗಿ ಎರಡು ವರ್ಷವೂ ಆಗಿರಲಿಲ್ಲ. ಫಿಂಗರ್ ಎಂಥ ಕಸುಬುದಾರ ಎಂಬುದಕ್ಕೆ ಈ ಒಂದು ಮಾತು ಸಾಕು. ಸುಳ್ಳು ಭಯಕ್ಕೆ ಒಮ್ಮೆ ಬೆಚ್ಚಿಬಿದ್ದು ನಾಚಿಕೊಂಡ ಜನ ಈಗ ನಿಜವಾದ ಎಚ್ಚರಿಕೆಯನ್ನೂ ನಗೆಯಲ್ಲೇ ತಳ್ಳಿಹಾಕುತ್ತಾರೆ. ಖಳನಿಗೆ ಬೇಕಾದದ್ದೂ ಅದೇ.

ಕ್ಲಾರಿಜ್ ಮಾತ್ರ ನಗುವುದಿಲ್ಲ. ಅವನ ಮನೆಗೆ ಪೊಲೀಸರ ಕಾವಲು ಬೀಳುತ್ತದೆ. ಸಾಹುಕಾರ ಬೆವರುತ್ತ ಗಡಿಯಾರ ನೋಡುತ್ತಾನೆ. ಹನ್ನೆರಡು ಹೊಡೆಯುತ್ತದೆ. ಬಾಗಿಲು ತೆರೆದಿಲ್ಲ, ಕಿಟಕಿ ಅಲುಗಿಲ್ಲ. ‘ಬದುಕಿದೆ’ ಎಂದುಕೊಂಡವನು ಕುಸಿದು ಬೀಳುತ್ತಾನೆ. ಸಾಯುತ್ತಿದ್ದಂತೆ ಅವನ ಮುಖದ ಸ್ನಾಯುಗಳು ಜಗ್ಗಿ ಹೆಣದ ಬಾಯಿ ಹಲ್ಲು ಕಿರಿಯುತ್ತದೆ. ವಜ್ರ ನೋಡಿದರೆ ಅದು ಬರೀ ಗಾಜು.

ಇದರ ಗುಟ್ಟನ್ನು ಕಥೆ ಆಮೇಲೆ ಬಿಡಿಸುತ್ತದೆ. ಜೋಕರ್ ಹಿಂದಿನ ರಾತ್ರಿಯೇ ಬಂದುಹೋಗಿದ್ದ. ಮಲಗಿದ್ದವನ ಮೈಗೆ ಇಪ್ಪತ್ತನಾಲ್ಕು ಗಂಟೆಗೆ ಸರಿಯಾಗಿ ಕೆಲಸ ಮಾಡುವ ವಿಷ ಚುಚ್ಚಿದ್ದ, ವಜ್ರವನ್ನೂ ಆಗಲೇ ಬದಲಿಸಿದ್ದ. ಅಂದರೆ ರೇಡಿಯೋ ಮಾತಾಡುವ ಹೊತ್ತಿಗೆ ಕೊಲೆಯೂ ಆಗಿಹೋಗಿತ್ತು, ಕಳವೂ ಆಗಿಹೋಗಿತ್ತು. ಪೊಲೀಸರು ಕಾವಲು ನಿಂತದ್ದು ಮುಗಿದುಹೋದ ಅಪರಾಧಕ್ಕೆ.

ಈ ಯುಕ್ತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಜೋಕರನನ್ನು ಅರಾಜಕತೆಯ ಅವತಾರ, ಗೊತ್ತುಗುರಿಯಿಲ್ಲದ ಹುಚ್ಚ ಎಂದು ಹೇಳುವುದು ಈಗ ವಾಡಿಕೆ. ಈ ಮೊದಲ ಕಥೆಯಲ್ಲಿ ಅವನಷ್ಟು ಅಚ್ಚುಕಟ್ಟಿನ ಮನುಷ್ಯ ಇನ್ನೊಬ್ಬನಿಲ್ಲ. ಹೆಸರು ಹೇಳುತ್ತಾನೆ, ವೇಳೆ ಹೇಳುತ್ತಾನೆ, ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಗಲಿಬಿಲಿ ಇರುವುದು ಅವನ ತಲೆಯಲ್ಲಲ್ಲ, ಅವನು ಹೋದ ಮೇಲೆ ಆ ಕೋಣೆಯಲ್ಲಿ ಉಳಿದವರಲ್ಲಿ. ವ್ಯವಸ್ಥೆ ಅಂದರೆ ಕಾವಲು, ಬೀಗ, ಗಡಿಯಾರ, ಸಮವಸ್ತ್ರ. ಇವು ಯಾವುದನ್ನೂ ಅವನು ಮುರಿಯುವುದಿಲ್ಲ. ಎಲ್ಲವೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿ ಒಟ್ಟಿಗೆ ನಿರುಪಯೋಗವಾಗುವಂತೆ ನೋಡಿಕೊಳ್ಳುತ್ತಾನೆ. ಬಾಂಬು ಹಾಕುವವನಿಗಿಂತ ಇವನು ಹೆಚ್ಚು ಅಪಾಯಕಾರಿ. ಬಾಂಬು ಬಿದ್ದ ಮೇಲೆ ಗೋಡೆ ಕಟ್ಟಬಹುದು; ಇಂಥ ರಾತ್ರಿಯ ನಂತರ ಕಾವಲಿನ ಮೇಲಿನ ನಂಬಿಕೆಯನ್ನು ಮತ್ತೆ ಯಾರು ಕಟ್ಟಿಕೊಡುತ್ತಾರೆ?

ಎರಡನೆಯ ಸರದಿ ಜೇ ವೈಲ್ಡ್ ಎಂಬವನದು. ಅಲ್ಲಿ ಕೊಲೆಗಾರ ಕೋಣೆಯ ಒಳಗೇ, ಹಳೆಯ ಉಕ್ಕಿನ ಕವಚದೊಳಗೆ ಅಡಗಿರುತ್ತಾನೆ. ಮುಂದೆ ಒಬ್ಬ ನ್ಯಾಯಾಧೀಶನ ಸರದಿ ಬಂದಾಗ ಪೊಲೀಸ್ ಮುಖ್ಯಸ್ಥನ ವೇಷವನ್ನೇ ಹಾಕಿ ಬರುತ್ತಾನೆ. ರಕ್ಷಣೆಗೆ ಬಂದವನೇ ಕೊಲೆಗಾರ! ಇಷ್ಟು ಹೊತ್ತಾದರೂ ಬ್ಯಾಟ್‌ಮನ್ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ಮೊದಲೆರಡು ಸಾವಿಗೂ ಅವನು ಅಡ್ಡ ಬರುವುದಿಲ್ಲ. ಹೊತ್ತು ಕೂಡಿ ಬರಲಿ ಎಂದು ಮನೆಯಲ್ಲೇ ಇರುತ್ತಾನೆ. ಈ ಆಲಸ್ಯವನ್ನು ಸಮರ್ಥಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಕೊನೆಗೆ ಇಬ್ಬರೂ ಎದುರಾಗುವುದು ಬ್ರೂಟ್ ನೆಲ್ಸನ್ ಎಂಬ ರೌಡಿಯ ಮನೆಯಲ್ಲಿ. ತಾನು ಕಣ್ಣಿಟ್ಟಿದ್ದ ಒಡವೆಗಳನ್ನು ಈ ಹೊಸಬ ಹೊಡೆದುಕೊಂಡು ಹೋಗುತ್ತಿದ್ದಾನೆಂದು ನೆಲ್ಸನ್‌ಗೆ ಸಿಟ್ಟು. ಪಾತಕ ಲೋಕದ ಹಳೆಯ ಯಜಮಾನ ಅವನು, ಲಾಭನಷ್ಟದ ಭಾಷೆ ಬಲ್ಲವನು. ಜೋಕರ್ ಅವನ ಮನೆಗೇ ಬಂದು ಅವನನ್ನು ಗುಂಡಿಟ್ಟು ಕೊಂದು ಕಾರು ಹತ್ತುತ್ತಾನೆ. ಬ್ಯಾಟ್‌ಮನ್ ಬೆನ್ನಟ್ಟುತ್ತಾನೆ. ಸೇತುವೆಯ ಮೇಲೆ ಇಬ್ಬರೂ ಕೈಕೈ ಮಿಲಾಯಿಸುತ್ತಾರೆ. ಅಲ್ಲಿ ನಡೆಯುವುದು ಇಷ್ಟೆ: ಜೋಕರ್ ಬ್ಯಾಟ್‌ಮನ್‌ನ ತಲೆಗೆ ಒದೆಯುತ್ತಾನೆ, ನಾಯಕ ನೀರಿಗೆ ಬೀಳುತ್ತಾನೆ, ಖಳ ಹೊರಟುಹೋಗುತ್ತಾನೆ.

ಕಥೆಯ ಕೊನೆಯಲ್ಲಿ ಜೋಕರ್ ಜೈಲು ಸೇರುತ್ತಾನೆ, ನಿಜ. ಆದರೆ ಮೊದಲ ಮುಖಾಮುಖಿಯಲ್ಲಿ ಗೆದ್ದವನು ಅವನೇ. ಹೆಚ್ಚಿನ ಪಾತಕಿಗಳನ್ನು ಅದೇ ಕಥೆಯೊಳಗೆ ಬಗ್ಗುಬಡಿದು ಮುಗಿಸುವುದು ಬ್ಯಾಟ್‌ಮನ್‌ಗೆ ಅಲ್ಲಿಯವರೆಗೆ ರೂಢಿಯಾಗಿತ್ತು. ಅಂಥವನನ್ನು ಒಬ್ಬ ತೆಳ್ಳನೆಯ, ಸುಣ್ಣ ಬಳಿದಂಥ ಮುಖದವನು ಒದ್ದು ನೀರಿಗೆ ಹಾಕಿದಾಗ ಓದುವ ಹುಡುಗನಿಗೆ ಮೊದಲ ಸಲ ಒಂದು ಅನುಮಾನ ಹುಟ್ಟಿರಬೇಕು. ಖಳನಾಗಿ ಜೋಕರ್ ಗಟ್ಟಿಯಾದದ್ದು ಅವನ ನಗೆಯಿಂದ ಅಂತ ಹೇಳುವವರಿದ್ದಾರೆ. ಆ ಒದೆತದಿಂದ ಅಂತ ನಾನು ಹೇಳುತ್ತೇನೆ.

ಆ ಮುಖದ ವಿಚಾರಕ್ಕೆ ಬರೋಣ. ಇದನ್ನು ಮೊದಲು ಯೋಚಿಸಿದವರು ಯಾರು ಎಂಬ ಜಗಳ ಬಾಬ್ ಕೇನ್, ಬಿಲ್ ಫಿಂಗರ್, ಸಹಾಯಕ ಚಿತ್ರಕಾರ ಜೆರಿ ರಾಬಿನ್ಸನ್ ಮೂವರ ನಡುವೆ ಕೊನೆಯವರೆಗೂ ಬಗೆಹರಿಯಲಿಲ್ಲ. ಇಸ್ಪೀಟಿನ ಜೋಕರ್ ಎಲೆಯನ್ನು ತಂದವರು ತಾವೆಂದು ಆಗ ಹದಿನೆಂಟರ ಹುಡುಗನಾಗಿದ್ದ ರಾಬಿನ್ಸನ್ ಹೇಳುತ್ತಿದ್ದರು. ಫಿಂಗರ್ ತಂದದ್ದು ಒಂದು ಫೋಟೋ: 1928ರ ‘ದಿ ಮ್ಯಾನ್ ಹೂ ಲಾಫ್ಸ್’ ಸಿನಿಮಾದ ನಟ ಕಾನ್ರಾಡ್ ವೈಟ್ ಹಲ್ಲು ಕಿರಿದು ನಿಂತ ಚಿತ್ರ. ಆ ಸಿನಿಮಾಕ್ಕೆ ಮೂಲ ವಿಕ್ಟರ್ ಹ್ಯೂಗೋ 1869ರಲ್ಲಿ ಬರೆದ ಕಾದಂಬರಿ. ಅದರ ನಾಯಕ ಗ್ವಿನ್‌ಪ್ಲೇನ್ ಪಾಪದವನು. ಅವನು ಮಗುವಾಗಿದ್ದಾಗಲೇ ಅವನ ಬಾಯಿಯನ್ನು ಕೊಯ್ದು ಸದಾ ನಗುವಂತೆ ಮಾಡಿರುತ್ತಾರೆ. ದೊಡ್ಡವನಾದ ಮೇಲೆ ಜಾತ್ರೆಗಳಲ್ಲಿ ಅದೇ ಮುಖ ತೋರಿಸಿ ಹೊಟ್ಟೆ ಹೊರೆಯುತ್ತಾನೆ. ಅಧಿಕಾರದವರ ಕ್ರೌರ್ಯಕ್ಕೆ ಸಾಕ್ಷಿಯಾಗಿ ಹ್ಯೂಗೋ ಕಡೆದ ಮುಖವನ್ನು ಕಾಮಿಕ್ಸಿನವರು ಕೊಲೆಗಾರನಿಗೆ ಅಂಟಿಸಿದರು. ಹ್ಯೂಗೋಗೆ ಇದು ಅನ್ಯಾಯವೇ. ಆದರೂ ಆ ಹಳೆಯ ನೋವು ಪೂರ್ತಿ ಅಳಿಸಿಹೋಗಲಿಲ್ಲ. 2019ರ ‘ಜೋಕರ್’ ಸಿನಿಮಾದಲ್ಲಿ ವಾಕೀನ್ ಫೀನಿಕ್ಸ್ ತಡೆಯಲಾರದೆ ನಗುವ ರೋಗಿಯಾಗಿ ಬಂದಾಗ ತೆರೆಯ ಮೇಲೆ ಕಂಡದ್ದು ಕ್ಲಾರಿಜ್‌ನ ಕೊಲೆಗಾರನಿಗಿಂತ ಹೆಚ್ಚಾಗಿ ಆ ಗ್ವಿನ್‌ಪ್ಲೇನ್.

ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಮುಂದಿನ ಸಂಗತಿ. ಆ ಒಂದೇ ಸಂಚಿಕೆಯಲ್ಲಿ ಜೋಕರನ ಕಥೆಗಳು ಎರಡಿವೆ. ಎರಡನೆಯದು ಸಂಚಿಕೆಯ ಕೊನೆಯಲ್ಲಿದೆ. ಜೋಕರ್ ಜೈಲಿನಿಂದ ತಪ್ಪಿಸಿಕೊಂಡು ಬಂದು ಮತ್ತೆ ಕೊಲೆಗಳಿಗೆ ಇಳಿಯುತ್ತಾನೆ. ಕೊನೆಯ ಹೊಡೆದಾಟದಲ್ಲಿ ಬ್ಯಾಟ್‌ಮನ್‌ಗೆ ಹಾಕಲು ಹೋದ ಚೂರಿ ಅವನದೇ ಎದೆಗೆ ನಾಟುತ್ತದೆ. ಅಲ್ಲಿಗೆ ಅವನು ಸಾಯಬೇಕಿತ್ತು. ಸಾಯುವಂತೆಯೇ ಬರೆದಿದ್ದರು. ಖಳ ಮತ್ತೆ ಮತ್ತೆ ಬಂದರೆ ನಾಯಕ ಕೈಲಾಗದವನಂತೆ ಕಾಣುತ್ತಾನೆ ಎಂಬುದು ಬರೆದವರ ಯೋಚನೆ. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ. ಇಷ್ಟು ಒಳ್ಳೆಯ ಖಳನನ್ನು ಕಳೆದುಕೊಳ್ಳಬಾರದು ಎಂದರು. ಆಮೇಲೆ ಕೊನೆಯಲ್ಲಿ ಒಂದು ಚೌಕಟ್ಟು ಸೇರಿತು: ಆಂಬುಲೆನ್ಸಿನಲ್ಲಿ ಡಾಕ್ಟರು ಮೈ ಮುಟ್ಟಿ ನೋಡಿ, ಇವನು ಸತ್ತಿಲ್ಲ, ಬದುಕುತ್ತಾನೆ ಎಂದು ಬೆರಗಾಗುತ್ತಾರೆ.

ಅದೇ ಸಂಚಿಕೆಯ ಇನ್ನೊಂದು ಕಥೆಯಲ್ಲಿ ಹ್ಯೂಗೋ ಸ್ಟ್ರೇಂಜ್ ಎಂಬ ಪ್ರೊಫೆಸರ್ ಮನುಷ್ಯರನ್ನು ದೈತ್ಯರನ್ನಾಗಿ ಮಾಡುತ್ತಾನೆ. ಆ ದೈತ್ಯರ ಲಾರಿಯ ಮೇಲೆ ಬ್ಯಾಟ್‌ಮನ್ ತನ್ನ ವಿಮಾನದಿಂದ ಮೆಷಿನ್‌ಗನ್ ಹಾರಿಸುತ್ತಾನೆ. ಒಬ್ಬನನ್ನು ಹಗ್ಗದಲ್ಲಿ ನೇತುಹಾಕುತ್ತಾನೆ. ನಮ್ಮ ಕಾಲದ ಅಭಿಮಾನಿಗಳಿಗೆ ಇದನ್ನು ತೋರಿಸಿದರೆ ನಂಬಲಾರರು. ‘ಬ್ಯಾಟ್‌ಮನ್ ಕೊಲ್ಲುವುದಿಲ್ಲ’ ಎಂಬುದು ಅವರಿಗೆ ಗಾಯತ್ರಿ ಮಂತ್ರ. ಬಂದೂಕಿನ ಈ ಪ್ರಸಂಗಕ್ಕಾಗಿ ಎಲ್ಸ್‌ವರ್ತ್ ತಮ್ಮನ್ನು ಕರೆಸಿ ಗದರಿಸಿದರು, ಇನ್ನು ಮುಂದೆ ಅವನ ಕೈಗೆ ಬಂದೂಕು ಕೊಡಕೂಡದು ಎಂದರು ಎಂದು ಫಿಂಗರ್ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಹೇಳಿದ್ದು ಸರಿ ಎಂದೂ ಸೇರಿಸಿದ್ದಾರೆ.

ಒಂದೇ ಸಂಚಿಕೆ, ಒಬ್ಬನೇ ಸಂಪಾದಕ, ಎರಡು ತೀರ್ಮಾನ. ಖಳ ಸಾಯಕೂಡದು. ನಾಯಕ ಕೊಲ್ಲಕೂಡದು. ಎಂಬತ್ತಕ್ಕೂ ಹೆಚ್ಚು ವರ್ಷ ಈ ಇಬ್ಬರ ಸುತ್ತ ಬೆಳೆದ ತತ್ತ್ವಜಿಜ್ಞಾಸೆಯೆಲ್ಲ ಈ ಎರಡು ಕಚೇರಿ ಆದೇಶಗಳ ಮೇಲೆ ನಿಂತಿದೆ. ಅವನನ್ನು ಕೊಂದರೆ ನಾನೂ ಅವನಂತೆಯೇ ಆಗುತ್ತೇನೆ ಎಂಬ ಧರ್ಮಸಂಕಟ ಬಂದದ್ದು ಆಮೇಲೆ. ಮೊದಲು ಬಂದದ್ದು ಮುಂದಿನ ಸಂಚಿಕೆ ಮಾರಾಟವಾಗಬೇಕೆಂಬ ಲೆಕ್ಕ, ಓದುವವರು ಮಕ್ಕಳು ಎಂಬ ಅಳುಕು. ಇದನ್ನು ಹೇಳಿ ಆ ಧರ್ಮಸಂಕಟವನ್ನು ಅಗ್ಗ ಮಾಡುವ ಉದ್ದೇಶ ನನಗಿಲ್ಲ. ಎಷ್ಟೋ ಒಳ್ಳೆಯ ಸಾಹಿತ್ಯ ಹೊರಗಿನ ಕಟ್ಟುಪಾಡಿನ ಒತ್ತಡದಲ್ಲೇ ಹುಟ್ಟಿದೆ. ಸಾಯಲಾಗದ ಖಳ, ಕೊಲ್ಲಲಾಗದ ನಾಯಕ ಇಬ್ಬರನ್ನೂ ಒಂದೇ ಊರಿನಲ್ಲಿ ಬಿಟ್ಟರೆ ಬರಹಗಾರರಿಗೆ ಅವರನ್ನು ಮಾತಾಡಿಸದೆ ಬೇರೆ ದಾರಿಯಿಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟೋಣ. ಜೋಕರ್ ಕ್ರಮೇಣ ಕೊಲೆ ಬಿಟ್ಟು ಕಿತಾಪತಿಗೆ ಇಳಿದ. 1954ರಲ್ಲಿ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ನೀತಿ ಸಂಹಿತೆ ವಿಧಿಸಿಕೊಂಡ ಮೇಲಂತೂ ಅವನು ಬರೀ ಕೋಡಂಗಿ. 1966ರ ಟಿವಿ ಸರಣಿಯಲ್ಲಿ ಸೀಸರ್ ರೊಮೆರೊ ತಮ್ಮ ಮೀಸೆ ಬೋಳಿಸಲು ಒಪ್ಪದೆ ಅದರ ಮೇಲೇ ಬಿಳಿ ಬಣ್ಣ ಬಳಿಸಿಕೊಂಡರು. ನಿಟ್ಟಿಸಿ ನೋಡಿದರೆ ಈಗಲೂ ಕಾಣುತ್ತದೆ. 1973ರಲ್ಲಿ ಡೆನಿಸ್ ಓನೀಲ್ ಮತ್ತು ನೀಲ್ ಆ್ಯಡಮ್ಸ್ ಅವನನ್ನು ಮತ್ತೆ ಕೊಲೆಗಾರನನ್ನಾಗಿ ಮಾಡಿದರು. 1988ರಲ್ಲಿ ಅಲನ್ ಮೂರ್ ಅವನಿಗೆ ಒಂದು ಪೂರ್ವಕಥೆ ಕೊಟ್ಟರು, ಜೊತೆಗೆ ಆ ಕಥೆ ನಿಜವೆಂದು ನಂಬಲಾಗದಂತೆಯೂ ಮಾಡಿದರು. ಅದೇ ವರ್ಷ ಇನ್ನೊಂದು ಕಥೆಯಲ್ಲಿ ಜೋಕರನ ಕೈಗೆ ಸಿಕ್ಕ ಎರಡನೆಯ ರಾಬಿನ್ ಬದುಕಬೇಕೋ ಸಾಯಬೇಕೋ ಎಂದು ಪ್ರಕಾಶಕರು ಓದುಗರನ್ನೇ ಫೋನಿನಲ್ಲಿ ಮತ ಹಾಕಲು ಕರೆದರು. ಸಾಯಲಿ ಎಂದವು 5,343 ಕರೆಗಳು, ಬದುಕಲಿ ಎಂದವು 5,271. ಹುಡುಗ ಸತ್ತ. ಖಳನ ಹುಚ್ಚನ್ನು ಕುರಿತು ಪ್ರಬಂಧ ಬರೆಯುವವರು ಈ ಎರಡು ಅಂಕಿಗಳನ್ನೂ ಒಮ್ಮೆ ನೋಡಬೇಕು.

ಮೊದಲ ಭೇಟಿಯನ್ನು ಮತ್ತೆ ಮತ್ತೆ ಹೊಸದಾಗಿ ಬರೆದಿದ್ದಾರೆ. 2005ರಲ್ಲಿ ಎಡ್ ಬ್ರೂಬೇಕರ್ ಅದನ್ನೇ ಆಧರಿಸಿ ಬರೆದಾಗ ಕ್ಲಾರಿಜ್, ವೈಲ್ಡ್ ಎಂಬ ಹಳೆಯ ಹೆಸರುಗಳನ್ನೇ ಉಳಿಸಿಕೊಂಡರು. ಜೋಕರನ ಗುರಿ ಮಾತ್ರ ಇಡೀ ನಗರದ ಕುಡಿಯುವ ನೀರಿಗೆ ವಿಷ ಹಾಕುವಷ್ಟು ಹಿಗ್ಗಿತು. 2008ರ ‘ದಿ ಡಾರ್ಕ್ ನೈಟ್’ ಸಿನಿಮಾದಲ್ಲಿ ಹೀತ್ ಲೆಜರ್ ನಟಿಸಿದ ಜೋಕರ್ ನಾಯಕನಿಗೆ ಮೊದಲು ಎದುರಾಗುವುದು ಸಾಹುಕಾರರ ಔತಣಕೂಟವೊಂದರಲ್ಲಿ. ಕಿಟಕಿಯಿಂದ ಒಬ್ಬಳನ್ನು ತಳ್ಳುತ್ತಾನೆ, ಬ್ಯಾಟ್‌ಮನ್ ಅವಳ ಹಿಂದೆ ಹಾರುತ್ತಾನೆ. ಮೊದಲ ಸುತ್ತಿನಲ್ಲಿ ನಾಯಕ ಎತ್ತರದಿಂದ ಕೆಳಗೆ ಬೀಳುವ ಪದ್ಧತಿ ಅಲ್ಲೂ ತಪ್ಪಲಿಲ್ಲ! ಆಮೇಲೆ ಪೊಲೀಸ್ ಠಾಣೆಯ ವಿಚಾರಣಾ ಕೋಣೆ. ನಾಯಕ ಹೊಡೆಯುತ್ತಾನೆ, ಖಳ ನಗುತ್ತಾನೆ. ಹೊಡೆದು ಬಾಯಿ ಬಿಡಿಸುವುದೊಂದೇ ಗೊತ್ತಿರುವವನ ಮುಂದೆ ಹೊಡೆತಕ್ಕೆ ಬಾಯಿ ಬಿಡದವನನ್ನು ಕೂರಿಸಿದ್ದಾರೆ. ಖಳ ಕೊನೆಗೆ ತಾನು ಸೆರೆಯಿಟ್ಟ ಇಬ್ಬರ ವಿಳಾಸ ಕೊಡುತ್ತಾನೆ, ಅದೂ ಅದಲು ಬದಲು ಮಾಡಿ.

ತನಗೆ ಯೋಜನೆಯೇ ಇಲ್ಲ ಎಂದು ಈ ಜೋಕರ್ ಆಸ್ಪತ್ರೆಯ ದೃಶ್ಯದಲ್ಲಿ ಹೇಳಿಕೊಳ್ಳುತ್ತಾನೆ, ನಾವು ನಂಬಿಬಿಟ್ಟೆವು. ಅದೇ ಸಿನಿಮಾದ ಬ್ಯಾಂಕ್ ದರೋಡೆಯನ್ನು ನೆನಪಿಸಿಕೊಳ್ಳಿ. ದರೋಡೆಕೋರರು ಒಬ್ಬೊಬ್ಬರಾಗಿ ಒಬ್ಬರನ್ನೊಬ್ಬರು ಕೊಂದು ಮುಗಿಯುವಷ್ಟರಲ್ಲಿ ಹಳದಿ ಸ್ಕೂಲ್ ಬಸ್ಸು ಗೋಡೆ ಒಡೆದು ಒಳಗೆ ಬರುತ್ತದೆ, ಹಣ ತುಂಬಿಕೊಂಡು ಬೀದಿಯಲ್ಲಿ ಸಾಗುತ್ತಿರುವ ಬಸ್ಸುಗಳ ಸಾಲಿಗೆ ಸರಿಯಾದ ಕ್ಷಣಕ್ಕೆ ಸೇರಿಕೊಳ್ಳುತ್ತದೆ. ಯೋಜನೆ ಇಲ್ಲದವನ ಕೆಲಸವೇ ಇದು? ಕ್ಲಾರಿಜ್‌ನನ್ನು ಕೊಂದ ಗಡಿಯಾರವೇ ಇಲ್ಲೂ ಇದೆ. ಅರಾಜಕತೆ ಅವನ ಸ್ವಭಾವವಲ್ಲ, ಅವನು ಮಾರುವ ಸರಕು. ವಿದ್ಯಾರ್ಥಿ ಮಿತ್ರರು ಪರೀಕ್ಷೆಯಲ್ಲಿ ಬೇರೆ ಬರೆದರೂ ಪರವಾಗಿಲ್ಲ, ಸಿನಿಮಾ ಇನ್ನೊಮ್ಮೆ ನೋಡುವಾಗ ಇದನ್ನು ಪರೀಕ್ಷಿಸಿ.

ಇನ್ನೊಂದು ವಾದವೂ ಇದೆ, ಬಹಳ ಜನಕ್ಕೆ ಇಷ್ಟವಾದದ್ದು: ಮುಸುಕುಧಾರಿ ಬಂದದ್ದರಿಂದಲೇ ಇಂಥ ಖಳ ಹುಟ್ಟಿದ ಎಂಬುದು. 2005ರ ‘ಬ್ಯಾಟ್‌ಮನ್ ಬಿಗಿನ್ಸ್’ ಸಿನಿಮಾದ ಕೊನೆಯಲ್ಲಿ ಪೊಲೀಸ್ ಅಧಿಕಾರಿ ಗಾರ್ಡನ್ ಇದನ್ನೇ ಹೇಳಿ ಜೋಕರ್ ಎಲೆಯನ್ನು ನಾಯಕನ ಕೈಗೆ ಕೊಡುತ್ತಾನೆ. ನಾವು ದೊಡ್ಡ ಬಂದೂಕು ತಂದರೆ ಅವರು ಇನ್ನೂ ದೊಡ್ಡದು ತರುತ್ತಾರೆ. ನೀನು ಮುಸುಕು ಹಾಕಿದೆ, ನಾಳೆ ಯಾರು ಏನು ಹಾಕಿಕೊಂಡು ಬರುತ್ತಾರೋ. ಕಾನೂನನ್ನು ಕೈಗೆತ್ತಿಕೊಳ್ಳುವವರಿಗೆ ಇದು ಹೇಳಲೇಬೇಕಾದ ಬುದ್ಧಿಮಾತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ 1940ರ ಕಥೆ ಹಾಗಿಲ್ಲ. ಅಲ್ಲಿ ಜೋಕರ್ ಬ್ಯಾಟ್‌ಮನ್‌ಗಾಗಿ ಬಂದವನಲ್ಲ. ಅವನಿಗೆ ಬೇಕಾದದ್ದು ಸಾಹುಕಾರರ ಹರಳುಗಳು, ತನ್ನನ್ನು ಹಿಂದೆ ಜೈಲಿಗೆ ಕಳಿಸಿದ ನ್ಯಾಯಾಧೀಶನ ಪ್ರಾಣ. ಮುಸುಕಿನವನು ದಾರಿಗೆ ಅಡ್ಡ ಬಂದ, ಜೋಕರ್ ಒದ್ದ, ಮುಂದೆ ನಡೆದ. ನಾಯಕನಿಂದಲೇ ಖಳ ಹುಟ್ಟಿದ ಎಂಬ ಸಿದ್ಧಾಂತ ನೋಡಲು ಆತ್ಮವಿಮರ್ಶೆಯಂತಿದ್ದರೂ ಒಳಗೆ ನಾಯಕನ ಹೊಗಳಿಕೆಯೇ. ಲೋಕದ ಕೆಡುಕೂ ತನ್ನ ಸುತ್ತಲೇ ತಿರುಗಬೇಕೆಂಬ ಆಸೆ ಅದು. ಮೊದಲ ಕಥೆ ಬರೆದವರಿಗೆ ಆ ಭ್ರಮೆ ಇರಲಿಲ್ಲ.

ಬರೆದವರು ಎಂದೆ. ಆ ಕಥೆ ಬರೆದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಬ್ಯಾಟ್‌ಮನ್‌ನ ಸೃಷ್ಟಿಕರ್ತ ಎಂದು ಅಧಿಕೃತವಾಗಿ ಅಚ್ಚಾಗುತ್ತಿದ್ದದ್ದು ಅವರ ಬದುಕಿನುದ್ದಕ್ಕೂ ಬಾಬ್ ಕೇನ್ ಹೆಸರೊಂದೇ. ಕೇನ್ ಹೆಸರಿನ ಜೊತೆಗೆ ಫಿಂಗರ್ ಹೆಸರನ್ನೂ ಹಾಕಲು ಪ್ರಕಾಶಕರು ಒಪ್ಪಿದ್ದು 2015ರಲ್ಲಿ, ಅವರು ಸತ್ತು ನಲವತ್ತೊಂದು ವರ್ಷಗಳ ಮೇಲೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಬ್ಯಾಟ್‌ಮನ್ ಬಗ್ಗೆ, ಜೋಕರ್ ಬಗ್ಗೆ ಕನ್ನಡದಲ್ಲಿ ಲೇಖನವನ್ನೋ ಸಿನಿಮಾ ವಿಮರ್ಶೆಯನ್ನೋ ಬರೆದರೆ ದಯವಿಟ್ಟು ಫಿಂಗರ್ ಹೆಸರನ್ನು ಬಿಡಬೇಡಿ.